ಬೆಂಕಿ ಆರಿಸುವ ಡಬ್ಬಿಗೊಂದು ಆರತಿ

ಭಕ್ತಿ ಕಡಿಮೆಯಾಗಿ ಕೆಟ್ಟವರನ್ನು ನೀವು ನೋಡಿರಬಹುದು. ನಾನು ಕೆಟ್ಟದ್ದು ಭಕ್ತಿ ಹೆಚ್ಚಾಗಿ. ತೊಂಬತ್ತರ ದಶಕದ ಕೊನೆಯಲ್ಲಿ ಕಾಗವಾಡದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನಾನು ಸ್ಟೋರ್ ಕ್ಲಾರ್ಕ್ ಆಗಿದ್ದೆ. ಹಿಂದಿನ ವರ್ಷ ಕಬ್ಬು ಅರೆಯುವ ಹಂಗಾಮಿನಲ್ಲಿ ಕರೆಂಟಿನ ಪ್ಯಾನೆಲ್ ಕೋಣೆಗೆ ಬೆಂಕಿ ಬಿದ್ದಾಗ ಗಾಬರಿಯಲ್ಲಿ ಎಲ್ಲರೂ ನೀರು ಸುರಿದಿದ್ದರು. ಬೆಂಕಿ ಉಳಿಸಿದ್ದನ್ನು ನೀರು ಕೆಡಿಸಿತು. ಗಾಣ ನಿಂತು, ಗೇಟಿನ ಹೊರಗೆ ಗಾಡಿಗಳಲ್ಲೇ ಕಬ್ಬು ಒಣಗಿತು. ರೈತರ ಬೈಗುಳ ಇನ್ನೂ ನನ್ನ ಕಿವಿಯಲ್ಲಿದೆ.

ಅದಕ್ಕೇ ಈ ಸಲ ಪುಣೆಯಿಂದ ಬೆಂಕಿ ಆರಿಸುವ ಒಂದು ಡಬ್ಬಿ ತರಿಸಿ ಪ್ಯಾನೆಲ್ ಕೋಣೆಯ ಗೋಡೆಗೆ ಎತ್ತರದಲ್ಲಿ ಕೂರಿಸಿದ್ದರು. ಒಳಗೆ ನೀರಿಲ್ಲ, ಗ್ಯಾಸಿಲ್ಲ. ಇಟ್ಟಿಗೆಯಂಥ ಗಟ್ಟಿ ಮದ್ದು. ಹೊರಗೆ ಇಳಿಬಿಟ್ಟ ಬತ್ತಿಗೆ ಬೆಂಕಿ ತಾಗಿದರೆ ಮದ್ದು ತಾನೇ ಉರಿದು, ಹೊಗೆಯಷ್ಟು ನವಿರಾದ ಪುಡಿಯನ್ನು ಕೋಣೆ ತುಂಬ ಉಗುಳುತ್ತದೆ. ಆ ಪುಡಿ ಜ್ವಾಲೆಯೊಳಗೆ ಹೊಕ್ಕು ಉರಿ ಮುಂದುವರಿಯದಂತೆ ತಡೆಯುತ್ತದೆ. ಬಾಗಿಲು ಮುಚ್ಚಿದ ಕೋಣೆಗೆ, ಪ್ಯಾನೆಲ್ಲಿಗೆ, ಇಂಜಿನ್ನಿಗೆ ಅದು ಸರಿ. ಬಯಲಲ್ಲಿರುವ ಕಬ್ಬಿನ ಸಿಪ್ಪೆಯ ರಾಶಿಗೆ ಉಪಯೋಗವಿಲ್ಲ, ಪುಡಿಯೆಲ್ಲ ಗಾಳಿಪಾಲು. ಒಮ್ಮೆ ಉರಿದರೆ ಡಬ್ಬಿಯ ಆಯುಷ್ಯ ಮುಗಿಯಿತು. ಇಂಜಿನಿಯರ್ ಪಾಟೀಲರು ಹೇಳಿದ ಇದನ್ನೆಲ್ಲ ಕನ್ನಡದಲ್ಲೂ ಮರಾಠಿಯಲ್ಲೂ ಎಲ್ಲರಿಗೂ ತಿಳಿಸಿದವನು ನಾನೇ.

ಖಂಡೇನವಮಿ ಬಂತು. ಹಂಗಾಮಿಗೆ ಇನ್ನು ಎಂಟೇ ದಿನ. ಯಂತ್ರಗಳಿಗೆಲ್ಲ ಪೂಜೆ ಮುಗಿಸಿದಾಗ ವಾಚ್‌ಮನ್ ಮಾಲಪ್ಪ, "ಸಾಹೇಬ್ರ, ಹೊಸಾ ಡಬ್ಬಿ ಒಂದ ಉಳದೈತ್ರಿ. ನಮ್ಮ ಜೀವಾ ಕಾಯೂದು, ಅದಕ್ಕ ಆರತಿ ಬ್ಯಾಡೇನ್ರಿ?" ಎಂದ. ಹೌದೆನಿಸಿತು. ಸ್ಟೂಲು ಹತ್ತಿ ಕುಂಕುಮ ಹಚ್ಚಿದೆ, ಹಾರ ಹಾಕಿದೆ, ಕರ್ಪೂರ ಹಚ್ಚಿದ ತಟ್ಟೆ ಎತ್ತಿದೆ. ಎರಡನೇ ಸುತ್ತಿಗೆ ಬತ್ತಿ ಚುರ್ ಎಂದಿತು. ಕೋಣೆಯೆಲ್ಲ ಬೆಳ್ಳಗಾಯಿತು. ಇಬ್ಬರೂ ಹೊರಗೆ ಓಡಿ ಬಾಗಿಲು ಎಳೆದುಕೊಂಡೆವು. ನೋಡಿದರೆ ನನ್ನ ತಟ್ಟೆಯ ಕರ್ಪೂರ ಆರಿತ್ತು. ಡಬ್ಬಿ ತನ್ನ ಕೆಲಸವನ್ನು ಚೊಕ್ಕವಾಗಿ ಮಾಡಿತ್ತು. ನನಗೆ ಅಳುವೇ ಬಂತು. ಹೊಸ ಡಬ್ಬಿ ಬರುವ ತನಕ ಗಾಣ ಸುರು ಮಾಡುವುದಿಲ್ಲವೆಂದು ಪಾಟೀಲರು ಹಠ ಹಿಡಿದರೆ ಮತ್ತೆ ಅದೇ ಗಾಡಿಗಳು, ಅದೇ ಬೈಗುಳ. ಈ ಸಲ ನನ್ನ ಹೆಸರು ಹಿಡಿದು.

ಅಷ್ಟರಲ್ಲಿ ಪಾಟೀಲರೇ ಬಂದು, "ಏನಾತು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಮಾಲಪ್ಪ ನನ್ನನ್ನು ಉಳಿಸಲು ಮುಂದೆ ಬಂದ. "ಏನಿಲ್ರಿ. ಮಾಲು ಭಾಳ ಚಲೋ ಐತ್ರಿ. ಇವರು ಸ್ವತಃ ಬೆಂಕಿ ಹಚ್ಚಿ ನೋಡ್ಯಾರ."

ಪಾಟೀಲರು ನನ್ನ ತಟ್ಟೆ ನೋಡಿದರು, ನನ್ನ ಮುಖ ನೋಡಿದರು, ಪುಣೆಗೆ ಫೋನ್ ಮಾಡಲು ಹೋದರು. ಹಂಗಾಮಿನ ಹಿಂದಿನ ದಿನ ಹೊಸ ಡಬ್ಬಿ ಬಂದು ನನ್ನ ಜೀವ ಉಳಿಯಿತು. ಮರುವರ್ಷದ ಖಂಡೇನವಮಿಗೆ ತಟ್ಟೆ ಹಿಡಿದು ಪ್ಯಾನೆಲ್ ಕೋಣೆಯತ್ತ ಹೊರಟರೆ ಮಾಲಪ್ಪ ಬಾಗಿಲಿಗೆ ಅಡ್ಡ ನಿಂತ. "ತಾಟ ಇಲ್ಲಿ ಕೊಡ್ರಿ ಸಾಹೇಬ್ರ. ನೀವು ಹೊರಗ ನಿಂತು ಗಂಟಿ ಬಾರಸ್ರಿ." ಇಪ್ಪತ್ತು ವರ್ಷ ಸರ್ವಿಸ್ ಮಾಡಿದ ನಾನು ಹೊರಗೆ ನಿಂತು ಗಂಟೆ ಬಾರಿಸಿದೆ.