ನಿಶ್ಚಿತಾರ್ಥದ ಸೀರೆಗೆ ಅಗ್ನಿಪರೀಕ್ಷೆ

ಅಕ್ಕನ ಮಗಳು ಶಿವಾನಿಯ ನಿಶ್ಚಿತಾರ್ಥದಲ್ಲಿ, ಸೋದರಮಾವನಾದ ನಾನಿರುವಾಗ ಯಾರೂ ನಮಗೆ ಟೋಪಿ ಹಾಕಕೂಡದೆಂದು ಶಪಥ ಮಾಡಿದ್ದೆ! ನಾನೇನು ಸಾಮಾನ್ಯನೇ? ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳ ನಡುವೆ ಅಂಬೆಗಾಲಿಟ್ಟವನು. ನೈಲಾನ್ ನನ್ನೆದುರು ಬಂದು ರೇಷ್ಮೆಯ ವೇಷ ಹಾಕಿದರೆ ಬಿಡುತ್ತೇನೆಯೇ?

ಚಂದಕವಾಡಿಯ ಬೀಗರು ತಟ್ಟೆಯಲ್ಲಿ ಸೀರೆ ತಂದಿಟ್ಟರು. ಮಿರಮಿರ ಮಿಂಚಿತು. ಅಷ್ಟು ಮಿಂಚಿದ್ದಕ್ಕೇ ನನಗೆ ಅನುಮಾನ.

"ಒಂದೆಳೆ ಸುಟ್ಟು ನೋಡ್ಬುಡನ," ಎಂದೆ.

"ಸುಮ್ಕೆ ಕೂತ್ಕಳಿ! ಒಳ್ಳೆ ಕೆಲ್ಸದಲ್ಲಿ ಸುಡಾದು ಅಂತೀರಲ್ಲ, ನಾಲ್ಗೆ ಮ್ಯಾಲೆ ಹಿಡ್ತ ಇಲ್ವಾ?" ಎಂದು ಹೆಂಡತಿ ಶಾಂತಮಲ್ಲಮ್ಮ ತೊಡೆ ಚಿವುಟಿದಳು.

ಚಿವುಟಿದರೆ ಬಗ್ಗುವ ಆಸಾಮಿಯೇ ನಾನು! ಸೀರೆಯಂಚಿನಿಂದ ಒಂದೆಳೆ ಕಿತ್ತು ದೀಪಕ್ಕೆ ಹಿಡಿದೆ. "ನೋಡ್ರಪ್ಪಾ, ರೇಷ್ಮೆಯಾದ್ರೆ ಕೂದ್ಲು ಸುಟ್ಟ ವಾಸ್ನೆ ಬಂದು ಬೂದಿ ಆಯ್ತದೆ. ನೈಲಾನಾದ್ರೆ ಕರಗಿ ಗುಂಡಾಯ್ತದೆ."

ಎಳೆ ಕರಗಿ, ಮಣಿಯಾಗಿ ನನ್ನ ಬೆರಳಿಗೇ ಅಂಟಿತು. ಅಯ್ಯಪ್ಪಾ, ಉರಿ! ಆದರೆ ಇಂಥ ಗೆಲುವಿನ ಮುಂದೆ ಗುಳ್ಳೆ ಯಾವ ಲೆಕ್ಕ?

"ನೈಲಾನು! ನಮ್ ಉಡ್ಗಿಗೆ ನೈಲಾನ್ ತಂದವ್ರೆ!" ಎಂದು ಅಬ್ಬರಿಸಿದೆ.

ವರನ ಅಪ್ಪ ಶಿವರುದ್ರಸ್ವಾಮಿ ಟವೆಲ್ ಕೊಡವಿ ಎದ್ದರು. "ಏಳ್ರಪ್ಪ, ಓಗನ. ಮರ್ವಾದೆ ಇಲ್ದ ಕಡೆ ಸಂಬಂಧ ಬ್ಯಾಡ."

ಶಿವಾನಿ ಗೊಳೋ ಎಂದಳು. ಅಕ್ಕ ನನ್ನನ್ನು ಹಸಿಹಸಿಯಾಗಿ ತಿನ್ನುವಂತೆ ನೋಡಿದಳು. ಶಾಂತಮಲ್ಲಮ್ಮ ಸೀರೆ ಕಸಿದುಕೊಂಡು ಅಂಚು ತಿರುವಿ ನೋಡಿದಳು.

"ಅಯ್ಯೋ ನಿಮ್ ಬುದ್ಧಿಗಿಷ್ಟು! ನೀವು ಕಿತ್ತಿರಾದು ಅಂಚಿನ ಒಳಗಡೆ ಫಾಲ್ಸ್ ಪಟ್ಟಿ ಒಲ್ದಿರೋ ನೈಲಾನ್ ದಾರ ಕಣ್ರೀ!"

ಸೆರಗಿನ ತುದಿಯಿಂದ ಅವಳೇ ಒಂದೆಳೆ ಎಳೆದು ಸುಟ್ಟಳು. ಕೂದಲು ಸುಟ್ಟ ವಾಸನೆ ಗಮ್ಮೆಂದಿತು. ಬೂದಿ ಉದುರಿತು. ಅಪ್ಪಟ ರೇಷ್ಮೆ!

"ತಪ್ಪಾಯ್ತು ಬೀಗ್ರೆ, ಕುಂತ್ಕಳಿ," ಎಂದು ಹಲ್ಲುಗಿಂಜಿ, ಮಾತು ಮರೆಸಲು ವರನಿಗೆಂದು ಗುಂಡ್ಲುಪೇಟೆಯಲ್ಲಿ ನಾನೇ ಆರಿಸಿದ್ದ ರೇಷ್ಮೆ ಪಂಚೆಯನ್ನು ಮುಂದಿಟ್ಟೆ.

ವರನ ತಾಯಿ, ಬೀಗಿತ್ತಿ ನಾಗಮಲ್ಲಮ್ಮ ಮುಂದೆ ಬಂದರು. ಪಂಚೆಯಿಂದ ಒಂದೆಳೆ ಎಳೆದು ದೀಪಕ್ಕೆ ಹಿಡಿದರು. ಬೂದಿಯ ಸುಳಿವಿಲ್ಲ. ದುಂಡನೆಯ ಮಣಿ!

"ಅದೂ... ಒಲ್ದಿರೋ ದಾರ ಇರ್ಬೇಕು," ಎಂದು ತೊದಲಿದೆ.

"ಪಂಚೆಗೆ ಯಾರ್ರೀ ಫಾಲ್ಸ್ ಒಲಿಸ್ತಾರೆ?" ಎಂದಳು, ಬೇರೆ ಯಾರೂ ಅಲ್ಲ, ನನ್ನ ಹೆಂಡತಿ!

ನಾಗಮಲ್ಲಮ್ಮ ಗಂಡನ ಕೈಹಿಡಿದು ಕೂರಿಸಿದರು. ಶಿವಾನಿಯ ಕಣ್ಣೊರೆಸಿದರು. ಆಮೇಲೆ ಪಂಚೆಯನ್ನು ನೀಟಾಗಿ ಮಡಿಸಿ ನನ್ನ ಮಡಿಲಿಗೇ ಹಾಕಿದರು.

"ಸಂಬಂಧ ಆಗ್ಲಿ ಬುಡಿ. ಇದ್ನ ಮದ್ವೆ ದಿನ ನೀವೇ ಉಟ್ಕಳಿ, ಬೀಗ್ರೆ. ಆರತಿ ತಟ್ಟೆಯಿಂದ ಮಾತ್ರ ವಸಿ ದೂರ ನಿಂತ್ಕಳಿ!"