ಪಿಲಾರಳ ‘ಎಸ್ಟಾಪ್’

ಇನ್ನೊಬ್ಬರ ಇಂಗ್ಲಿಷ್ ತಿದ್ದುವ ಚಟ ನಮ್ಮ ಕಡೆಯವರಿಗೆ ಹೇಗೆ ಅಂಟಿಕೊಂಡಿತೋ ಕಾಣೆ. ಸ್ವೀಡನ್ನಿನವರು, ಎದುರಿನವರು ಹೇಗೆ ಉಚ್ಚರಿಸಿದರೂ ಕಾಫಿ ಹೀರುತ್ತ ತಲೆಯಾಡಿಸುತ್ತಾರೆ. ನನಗೆ ಮಾತ್ರ ನಾಲಿಗೆ ತುರಿಸುತ್ತದೆ.

ಸ್ವೀಡನ್ನಿನ ಯೋನ್‌ಶೋಪಿಂಗ್ ಊರಿನ ಗೋದಾಮೊಂದರಲ್ಲಿ ನನ್ನ ಜೊತೆ ಕೆಲಸ ಮಾಡುವ ಪಿಲಾರ್ ಸ್ಪೇನಿನವಳು. ಅವಳ ಬಾಯಲ್ಲಿ ಸ್ಕೂಲು ‘ಎಸ್ಕೂಲ್’ ಆಗುತ್ತದೆ, ಸ್ಟಾಪ್ ‘ಎಸ್ಟಾಪ್’ ಆಗುತ್ತದೆ. ಮುಂದೊಂದು ‘ಎ’ ಇಲ್ಲದೆ ಆ ಪದಗಳು ಹೊರಡುವುದೇ ಇಲ್ಲ. ಹೊಸ ಕೆಲಸಗಾರರಿಗೆ ಸುರಕ್ಷತೆಯ ಪಾಠ ಹೇಳುವ ಹೊಣೆ ಅವಳಿಗೆ ಬಂತು. ಅದು ಚೆನ್ನಾಗಿ ನಡೆದರೆ ಕೆಲಸ ಕಾಯಂ. ಪಾಠದ ತುಂಬ ಇರುವುದೇ ‘ಸ್ಟಾಪ್’. “ಎಲ್ಲರೂ ನಗ್ತಾರೆ” ಎಂದು ಅವಳು ಹೆದರಿದಳು. ಯಾರೂ ಕೇಳದಿದ್ದರೂ ನಾನು ಗುರುವಾದೆ.

“ರೀ, ನೀವೇ ನಿಮ್ಮೂರಲ್ಲಿ ಇಸ್ಕೂಲಿಗೆ ಹೋದೋರು. ಪಾಪ, ಆ ಹುಡುಗೀನ ಬಿಟ್ಬಿಡಿ” ಎಂದಳು ಹೆಂಡತಿ. ಕೇಳಿಸದವನಂತೆ ಚಪಾತಿ ಮುರಿದೆ.

ಮರುದಿನ ಗೋದಾಮಿನ ನಡುದಾರಿಯಲ್ಲಿ, ಪಿಲಾರಳ ಕಡೆ ಮುಖಮಾಡಿ ಹಿಂದಕ್ಕೆ ನಡೆಯುತ್ತ ಪಾಠ ಶುರುಮಾಡಿದೆ. “ನಾಲಿಗೆ ಹಲ್ಲಿನ ಹಿಂದಿಡು. ಮೊದಲು ಬರೀ ಸ್ಸ್ಸ್...”

ಅವಳ ಕಣ್ಣು ನನ್ನ ಭುಜದಾಚೆ ನೆಟ್ಟಿತು. “ಎಸ್ಟಾಪ್!”

ನಿಂತೆ. ಹಿಂದೆ ಬ್ರೇಕು ಕಿರುಚಿತು. ತಿರುಗಿದರೆ, ಸರಕು ಎತ್ತುವ ಫೋರ್ಕ್‌ಲಿಫ್ಟಿನ ಕಬ್ಬಿಣದ ತೋಳು ನನ್ನ ಸೊಂಟದ ಎತ್ತರಕ್ಕೆ, ಗೇಣು ದೂರದಲ್ಲಿ. ಚಾಲಕ ಬಿಳಿಚಿಕೊಂಡಿದ್ದ. ಏನೋ ಹೇಳಲು ಹೋದೆ. ಬಾಯಿಂದ ಹೊರಟದ್ದು ನಾನೇ ಕಲಿಸುತ್ತಿದ್ದ ‘ಸ್ಸ್ಸ್’ ಮಾತ್ರ.

ಆಮೇಲೆ ಇಬ್ಬರೂ ಕಾಫಿಯ ಮುಂದೆ ಕೂತೆವು. ನಿಧಾನವಾಗಿ ಯೋಚಿಸಿದೆ. ಅಷ್ಟು ಯಂತ್ರಗಳ ಸದ್ದಿನಲ್ಲಿ ಬರೀ ‘ಸ್’ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಮೊದಲು ಓಡಿಬಂದು ನನ್ನ ಕಾಲರ್ ಹಿಡಿದದ್ದು ಆ ‘ಎ’ಯೇ. ಅವಳಾದರೂ ಉಚ್ಚಾರ ಸರಿಯೋ ತಪ್ಪೋ ಎಂದು ಕ್ಷಣವೂ ತಡವರಿಸಿರಲಿಲ್ಲ. ನಾನಾಗಿದ್ದರೆ ವಾಕ್ಯ ಜೋಡಿಸುತ್ತ ನಿಂತಿರುತ್ತಿದ್ದೆ.

“ಈಗ ಹೇಳು, ಆ ‘ಎ’ ತೆಗೆಯಲೇಬೇಕಾ?” ಎಂದು ಕೇಳಿದಳು.

“ಬೇಡ ತಾಯಿ, ಇರ್ಲಿ” ಎಂದೆ, ಕನ್ನಡದಲ್ಲೇ. ಅವಳಿಗೆ ಅರ್ಥವಾಯಿತು.

ಪಾಠದ ದಿನ ಅವಳು ಈ ಕಥೆಯನ್ನೇ ಹೇಳಿದಳು. ‘ಎಸ್ಟಾಪ್’ಗೆ ಒಬ್ಬರೂ ನಗಲಿಲ್ಲ, ಗುರುಗಳು ಹಿಂದಕ್ಕೆ ನಡೆಯುತ್ತಿದ್ದರು ಎಂದಾಗ ಎಲ್ಲರೂ ನಕ್ಕರು. ಕೆಲಸ ಕಾಯಂ ಆಯಿತು. ಈಗ ಹೊಸ ತಂಡ ಬಂದಾಗಲೆಲ್ಲ ಹೇಗೆ ನಡೆಯಬಾರದೆಂದು ನಡೆದು ತೋರಿಸಲು ಅವಳಿಗೊಬ್ಬ ಸಹಾಯಕ ಬೇಕು. ಆ ಕೆಲಸವೂ ಕಾಯಂ. ನನ್ನದು.