ಹತ್ತು ಅರ್ಜಿ, ಒಂದು ಟ್ರಂಕು

ಶ್ರೀನಿವಾಸಪುರದ ಜೂನಿಯರ್ ಕಾಲೇಜಿನಲ್ಲಿ ಗಣಿತ ಹೇಳಿಕೊಡುತ್ತಿದ್ದ ನನಗೆ ಪ್ರತಿ ವರ್ಷ ಮಾವಿನಕಾಯಿ ಹಣ್ಣಾಗುವ ಹೊತ್ತಿಗೆ ಸೀಟಿನ ಪಂಚಾಯಿತಿಯೊಂದು ತಪ್ಪದೆ ಗಂಟು ಬೀಳುತ್ತಿತ್ತು. ಪಿಯುಸಿ ಫಲಿತಾಂಶ ಬರುವುದೂ ಆಗಲೇ. ಬೆಂಗಳೂರಿನಲ್ಲಿ ಒಂದು ವಿಶ್ವವಿದ್ಯಾಲಯ, ಹೆಸರು ಬೇಡ, ಅಲ್ಲಿದ್ದದ್ದು ನಲವತ್ತೇ ಸೀಟು. ಹಿಂದಿನ ವರ್ಷ ಎಷ್ಟು ಅಂಕಕ್ಕೆ ಸೀಟು ನಿಂತಿತು ಎಂದು ನಾನೊಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೆ. ಅಷ್ಟಕ್ಕೇ ಊರಿನವರು ನನ್ನನ್ನು ‘ಸೀಟು ಹೇಳೋ ಮೇಷ್ಟ್ರು’ ಮಾಡಿಬಿಟ್ಟರು. ಶಾಸ್ತ್ರ ಹೇಳುವವರಿಗಾದರೂ ದಕ್ಷಿಣೆ ಸಿಗುತ್ತದೆ, ನನಗೆ ಸಿಕ್ಕಿದ್ದು ಬರೀ ತಲೆನೋವು.

೧

ಎಪ್ಪತ್ತರ ದಶಕದ ಮಾತು. ಗೌನಿಪಲ್ಲಿಯ ರೈತರೊಬ್ಬರು ಮಗನ ಅಂಕಪಟ್ಟಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಂದರು. ನೋಟ್‌ಬುಕ್ ತೆಗೆದು ನೋಡಿದೆ.

“ಕಷ್ಟ ಗೌಡ್ರೇ. ಹತ್ತರಲ್ಲಿ ಒಂದು ಪಾಲು ಅವಕಾಶ ಇದೆ, ಅಷ್ಟೇ.”

“ಹತ್ತರಲ್ಲಿ ಒಂದಾ ಸಾಮಿ? ಖಂಡಿತಾನಾ?”

“ಅಂದಾಜು.”

ಕೈಮುಗಿದು ಖುಷಿಯಾಗಿ ಹೋದರು. ಇಷ್ಟು ಕೆಟ್ಟ ಸುದ್ದಿಗೆ ಇಷ್ಟು ಖುಷಿ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ. ಆಮೇಲೆ ತಿಳಿಯಿತು, ಅವರು ಆ ಒಬ್ಬ ಹುಡುಗನ ಹೆಸರಿನಲ್ಲೇ ಹತ್ತು ಅರ್ಜಿ ಹಾಕಿದ್ದರು. ಹತ್ತು ಬೀಜ ಬಿತ್ತಿದರೆ ಒಂದಾದರೂ ಮೊಳೆಯುತ್ತದಲ್ಲ, ಆ ಲೆಕ್ಕ.

ಗ್ರಹಚಾರ ನೋಡಿ, ಆ ಹುಡುಗನಿಗೆ ಸೀಟು ಸಿಕ್ಕೇಬಿಟ್ಟಿತು. ಅಲ್ಲಿಂದ ಆ ಕಡೆಯವರಿಗೆಲ್ಲ ಅದೇ ಪದ್ಧತಿಯಾಯಿತು. ಮರುವರ್ಷ ಇನ್ನೊಬ್ಬರಿಗೆ “ನೂರರಲ್ಲಿ ಒಂದು” ಎಂದೆ. ಅವರು ತಲೆ ಕೆರೆದುಕೊಂಡು ಕೇಳಿದರು: “ನೂರು ಅರ್ಜಿ ಬರೆಯಾಕೆ ನಮ್ಮನೇಲಿ ಅಷ್ಟು ಜನ ಇಲ್ಲ ಸಾರ್. ನಿಮ್ಮ ಕ್ಲಾಸಿನ ಹುಡುಗ್ರನ್ನ ಒಂದಿನ ಕಳಿಸಿಕೊಡ್ತೀರಾ?”

೨

ನಮ್ಮ ಬೀದಿಯಲ್ಲೊಬ್ಬ ಅಜ್ಜಿ. ಮೊಮ್ಮಗನಿಗೆ ಒಳ್ಳೆಯ ಅಂಕ ಬಂದಿತ್ತು. “ಇವನಿಗೆ ಸೀಟು ಗ್ಯಾರಂಟಿ” ಎಂದು ನಾನೂ ಹೇಳಿದ್ದೆ. ಅಜ್ಜಿಗೆ ದೃಷ್ಟಿ ತಾಗುವ ಭಯ. ಕೊಳಾಯಿ ಹತ್ತಿರ ನಿಂತು ಎಲ್ಲರಿಗೂ “ನಮ್ಮ ಹುಡುಗ ಫೇಲು ಕಣ್ರಮ್ಮ” ಎಂದು ಸಾರಿಬಿಟ್ಟಳು. ಕಣ್ಣೂ ಒರೆಸಿಕೊಂಡಳಂತೆ.

ಸೀಟು ಬಂದವರಿಗೆ ಅಂಚೆಯಲ್ಲಿ ಕಾರ್ಡು ಬರುತ್ತಿತ್ತು. ಇವನಿಗೆ ಬರಲೇ ಇಲ್ಲ. ಸೇರುವ ಕೊನೆಯ ದಿನದ ಹಿಂದಿನ ದಿನ ಹುಡುಗನ ಅಪ್ಪ ನನ್ನನ್ನೂ ಕರೆದುಕೊಂಡು ಪೋಸ್ಟ್‌ಮನ್ ಮನೆಗೆ ಹೋದರು. ಕಾರ್ಡು ನಾಲ್ಕು ದಿನದಿಂದ ಅವನ ಚೀಲದಲ್ಲೇ ಇತ್ತು. ಫೇಲಾದವನಿಗೆ ಯಾರೋ ತಪ್ಪಿ ಕಳಿಸಿದ್ದಾರೆ, ನೊಂದ ಮನೆಗೆ ಇದನ್ನು ಹೇಗೆ ಕೊಡುವುದು ಎಂದು ಇಟ್ಟುಕೊಂಡಿದ್ದನಂತೆ.

“ವಿಶ್ವವಿದ್ಯಾಲಯದ ಮುದ್ರೆ ಇದೆಯಲ್ಲೋ” ಎಂದು ಗದರಿದೆ.

“ಸ್ವಂತ ಅಜ್ಜೀನೇ ಅತ್ಕೊಂಡು ಹೇಳಿದ್ಮೇಲೆ ಮುದ್ರೇನ ಯಾರು ನಂಬ್ತಾರೆ ಸಾರ್?” ಎಂದ.

ಅವತ್ತಿನಿಂದ ನಾನು ಅಂಚೆಯನ್ನು ನಂಬುವುದು ಬಿಟ್ಟು, ಬೆಂಗಳೂರಿಗೇ ಹೋಗಿ ಅಲ್ಲಿ ಅಂಟಿಸಿದ ಸೀಟಿನ ಪಟ್ಟಿ ನೋಡತೊಡಗಿದೆ.

೩

ಎಂಬತ್ತರ ದಶಕ ಬಂತು, ನನ್ನ ದೊಡ್ಡ ಮಗಳ ಸರದಿಯೂ ಬಂತು. ಅವಳಿಗೆ ಆ ವಿಶ್ವವಿದ್ಯಾಲಯದಲ್ಲೇ ಓದುವ ಆಸೆ. ಸಿಗದಿದ್ದರೆ ಓದು ಅಲ್ಲಿಗೆ ಮುಗಿದಂತೆ. ನಮ್ಮತ್ತೆ ಮುಳಬಾಗಿಲಿನಲ್ಲಿ ಆಗಲೇ ಒಂದು ಸಂಬಂಧ ನೋಡಿಟ್ಟಿದ್ದರು. ನೋಟ್‌ಬುಕ್ ತೆಗೆದರೆ ಅವಳ ಅಂಕ ಗೆರೆಯ ಮೇಲೇ ನಿಂತಿತ್ತು. ಊರಿಗೆಲ್ಲ ಹೇಳಿದ ನನಗೆ ನನ್ನ ಮಗಳ ವಿಷಯದಲ್ಲಿ ಬಾಯಿ ಬರಲಿಲ್ಲ. ಭಯವಾಗಿತ್ತು, ಮುಚ್ಚಿಡುವುದೇನು.

“ನಿಮ್ಮ ಕೈಲಾಗಲ್ಲ ಬಿಡಿ” ಎಂದು ನನ್ನ ಹೆಂಡತಿ ಪಕ್ಕದ ಮನೆಯ ಮಾವಿನ ಸಾಬರನ್ನು ಕರೆಸಿದಳು. ಅವರು ಮರ ಹೂ ಬಿಟ್ಟಾಗಲೇ ಕೆಳಗೆ ಒಂದು ಸುತ್ತು ಹಾಕಿ, ಎಷ್ಟು ಕಾಯಿ ನಿಲ್ಲುತ್ತದೆ ಎಂದು ಹೇಳಿ ತೋಟ ಗುತ್ತಿಗೆ ಹಿಡಿಯುವವರು. ಬಂದವರು ಅಂಕಪಟ್ಟಿ ಕೇಳಲಿಲ್ಲ, ಕುಡಿಯಲು ನೀರು ಕೇಳಿದರು. ಮಗಳು ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಪುಸ್ತಕ ಹಿಡಿದು ಬಂದಳು. ಕಣ್ಣು ಪುಸ್ತಕದಲ್ಲೇ ಇತ್ತು.

“ಫಸಲು ನಿಂತ್ಕೊಳ್ತದೆ ಮೇಷ್ಟ್ರೇ” ಎಂದರು ಸಾಬರು.

ಮರುದಿನ ಒಂದು ಹೊಸ ಕಬ್ಬಿಣದ ಟ್ರಂಕು ಕಳಿಸಿದರು, ಹಾಸ್ಟೆಲಿಗೆ ಅಂತ. “ಈಗಲೇ ಯಾಕೆ ಸಾಬರೇ?” ಎಂದರೆ, “ಫಸಲು ಬರ್ತದೆ ಅಂತ ಗೊತ್ತಾದ್ಮೇಲೆ ಕಾವಲು ಗುಡಿಸಲು ಮೊದಲು ಹಾಕೋದು ನಮ್ಮ ಪದ್ಧತಿ” ಎಂದರು. ಟ್ರಂಕು ನಡುಮನೆಯಲ್ಲಿ ಕೂತಿತು. ಬೀದಿಯವರೆಲ್ಲ ಬಂದು ನೋಡಿಕೊಂಡು ಹೋದರು. ನನಗೆ ಊಟ ಸೇರದಾಯಿತು.

ಪಟ್ಟಿ ನೋಡಲು ಸಾಬರೂ ಜೊತೆಗೆ ಬಂದರು. ಊರು ಸಮೇತ ನಲವತ್ತು ಹೆಸರು, ಅಂಕದ ಪ್ರಕಾರವಲ್ಲ, ಅರ್ಜಿಯ ನಂಬರಿನ ಪ್ರಕಾರ. ನನ್ನ ಮಗಳ ಹೆಸರಿಲ್ಲ. ಕೆಳಗೆ, ಯಾರಾದರೂ ಬಿಟ್ಟರೆ ಸೀಟು ಸಿಗುವವರ ಸಾಲಿನಲ್ಲಿ, ಅವಳೇ ಮೊದಲನೆಯವಳು. ನಾನು ಹೋಗಿ ಮೆಟ್ಟಿಲ ಮೇಲೆ ಕೂತೆ. ಮಗಳಿಗೆ ಏನೆಂದು ಹೇಳಲಿ ಎಂಬುದೊಂದೇ ತಲೆಯಲ್ಲಿತ್ತು.

ಸಾಬರು ಬೆರಳಿಟ್ಟು ಎಣಿಸುತ್ತಲೇ ಇದ್ದರು.

“ಮೇಷ್ಟ್ರೇ, ಇಲ್ಲಿ ಗೌನಿಪಲ್ಲಿ ಅಂತ ಎರಡು ಕಡೆ ಅದೆ. ಆ ಊರಿನ ತೋಟ ಎಲ್ಲಾ ನಾನು ಬಲ್ಲೆ. ಒಂದೇ ವರ್ಷಕ್ಕೆ ಇಬ್ಬರು ಬುದ್ಧಿವಂತರು ಅಲ್ಲಿ ಬಿಡೋದಿಲ್ಲ.”

ಎದ್ದು ನೋಡಿದೆ. ಒಂದೇ ಹುಡುಗಿ, ಒಂದೇ ಅಪ್ಪ. ನಮ್ಮ ಗೌಡರು ಮಗಳಿಗೂ ಹತ್ತು ಅರ್ಜಿ ಹಾಕಿದ್ದರು, ಅದರಲ್ಲಿ ಎರಡು ಗುಮಾಸ್ತರ ಕಣ್ಣು ತಪ್ಪಿಸಿ ಪಟ್ಟಿಗೆ ಏರಿದ್ದವು. ಆಫೀಸಿನವರು ರಿಜಿಸ್ಟರ್ ತೆಗೆದು ನೋಡಿ, ಒಂದನ್ನು ಹೊಡೆದು ಹಾಕಿ ನನ್ನ ಮಗಳ ಹೆಸರು ಬರೆದರು. ನನ್ನ ಕಣ್ಣಲ್ಲಿ ನೀರು ಬಂತು.

“ಒಂದೇ ಕಾಯಿ ಎರಡು ಸಲ ಎಣಿಸಿದ್ದಾರೆ” ಎಂದರು ಸಾಬರು. “ನೀವು ಗಣಿತ ಹೇಳ್ಕೊಡಿ ಮೇಷ್ಟ್ರೇ, ಎಣಿಕೆ ನಮಗೆ ಬಿಡಿ.”

ವಾರ ಕಳೆದ ಮೇಲೆ ಗೌಡರು ಒಂದು ಬುಟ್ಟಿ ಮಾವಿನಹಣ್ಣು ಹೊತ್ತು ಮನೆಗೆ ಬಂದರು.

“ನೋಡಿದ್ರಾ ಸಾಮಿ, ಹತ್ತು ಹಾಕಿದ್ದಕ್ಕೆ ನಮ್ಮ ಹುಡುಗೀಗೊಂದು, ನಿಮ್ಮ ಹುಡುಗೀಗೊಂದು.”

ನೀವು ಒಂದೇ ಹಾಕಿದ್ದರೆ ನನ್ನ ಮಗಳ ಹೆಸರು ಮೊದಲೇ ಇರುತ್ತಿತ್ತು ಮಾರಾಯರೇ ಎನ್ನಲು ಬಾಯಿ ತೆರೆದೆ. ಹೆಂಡತಿ ಆಗಲೇ ಬುಟ್ಟಿ ಒಳಗೆ ಒಯ್ಯುತ್ತಿದ್ದಳು.

“ಬರೋ ವರ್ಷ ನಮ್ಮ ಮೂರನೇವನು ಅವ್ನೆ. ಅವನಿಗೆಷ್ಟು ಹಾಕ್ಲಿ?”

“ಒಂದು” ಎಂದೆ. “ಒಂದೇ ಒಂದು, ಗೌಡ್ರೇ.”

ಅವರು ಒಳಗಿದ್ದ ನನ್ನ ಎರಡನೇ ಮಗಳನ್ನು ಮರುಕದಿಂದ ನೋಡಿದರು.

“ಒಂದೇ ಹಾಕಿದ್ರೆ ಈ ಚಿಕ್ಕೋಳಿಗೆ ಎಲ್ಲಿಂದ ತರಾನ ಸಾಮಿ?”